ಅಪ್ಪ ಬಿಪಿ ಮಾತ್ರೆ ಪದೇ ಪದೇ ಬಿಟ್ಟುಬಿಡ್ತಾರೆ, ಏನು ಮಾಡೋದು?

ತಂದೆಗೆ 52 ವರ್ಷ, ಎರಡು ವರ್ಷದಿಂದ ಬಿಪಿ ಮಾತ್ರೆ, "ಚೆನ್ನಾಗೇ ಇದ್ದೀನಲ್ಲ" ಅಂತ ವಾರಗಟ್ಟಲೆ ಬಿಟ್ಟುಬಿಡ್ತಾರೆ, ಈ ಮರೆವಿಗೆ ಏನಾದ್ರೂ ಉಪಾಯ ಇದೆಯಾ ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ. ತಿಪಟೂರಿನಲ್ಲಿ ಹಿಟ್ಟಿನ ಮಿಲ್ಲು ಇಟ್ಟುಕೊಂಡವನು. ವಯಸ್ಸು 58, ಮಾತ್ರೆ ಶುರುವಾಗಿ ಹನ್ನೆರಡು ವರ್ಷ. ಅದರಲ್ಲಿ ಮೊದಲ ನಾಲ್ಕು ವರ್ಷ ನಿಮ್ಮ ತಂದೆಯ ಹಾಗೇ ಇದ್ದೆ. ಆ ಅನುಭವದ ಮೇಲೆ ಹೇಳ್ತೀನಿ: ಅವರು ಮರೀತಿಲ್ಲ, ಬಿಡ್ತಿದ್ದಾರೆ. ಎರಡೂ ಬೇರೆ ಬೇರೆ.

ನನಗೆ ಬಿಪಿ ಇದೆ ಅಂತ ಗೊತ್ತಾಗಿದ್ದು ಹಲ್ಲು ಕೀಳಿಸೋಕೆ ಹೋದಾಗ. ಕುರ್ಚಿ ಮೇಲೆ ಕೂರಿಸಿ ತೋಳಿಗೆ ಪಟ್ಟಿ ಕಟ್ಟಿ ನೋಡಿದರು, 170/110. "ಮೊದಲು ಇದನ್ನ ಇಳಿಸ್ಕೊಂಡು ಬನ್ನಿ, ಆಮೇಲೆ ಹಲ್ಲು" ಅಂದರು. ಹಲ್ಲುನೋವಿಗೆ ಹೋದವನು ನೋವೇ ಇಲ್ಲದ ಕಾಯಿಲೆಯೊಂದನ್ನು ಹೊತ್ತುಕೊಂಡು ಬಂದೆ. ಕಷ್ಟ ಶುರುವಾಗೋದೇ ಇಲ್ಲಿ. ಜ್ವರಕ್ಕೆ ಮಾತ್ರೆ ನುಂಗಿದರೆ ಸಂಜೆಗೆ ಹಗುರ ಅನ್ನಿಸುತ್ತೆ. ಬಿಪಿ ಮಾತ್ರೆ ನುಂಗಿದರೆ ಏನೂ ಅನ್ನಿಸಲ್ಲ, ಬಿಟ್ಟರೂ ಏನೂ ಅನ್ನಿಸಲ್ಲ.

ಮೊದಲು ಕೊಟ್ಟಿದ್ದು ಅಮ್ಲೋಡಿಪಿನ್ 5. ಮೂರು ತಿಂಗಳಿಗೆ 126/80 ಬಂತು. ವಾಸಿಯಾಯ್ತು ಅಂದುಕೊಂಡು ನಿಲ್ಲಿಸಿದೆ. ಒಂದು ದಿನ ಬಿಟ್ಟು ನೋಡಿದೆ, ಏನೂ ಆಗಲಿಲ್ಲ. ಎರಡು ದಿನ, ಆಗಲೂ ಇಲ್ಲ. ಆಮೇಲೆ ತಿಳಿದದ್ದು ಏನಂದ್ರೆ, ಈ ಮಾತ್ರೆ ರಕ್ತದಲ್ಲಿ ಅರ್ಧಕ್ಕೆ ಇಳಿಯೋಕೇ 30ರಿಂದ 50 ಗಂಟೆ ಬೇಕು. ನಾನು ಬಿಟ್ಟ ಮೊದಲ ದಿನಗಳನ್ನು ಕಾಯ್ದದ್ದು ಹಿಂದಿನ ವಾರದ ಮಾತ್ರೆಗಳೇ. ನನಗೋ, ಮಾತ್ರೆ ಇಲ್ಲದೆಯೂ ನಡೆಯುತ್ತೆ ಅನ್ನೋದಕ್ಕೆ ಸಾಕ್ಷಿ ಸಿಕ್ಕಂತಾಯ್ತು.

ತಿರುಗಿ ಶುರು ಮಾಡಿದ ಮೇಲೆ ಕಾಲು ಊದಿಕೊಂಡಿತು. ಮಿಲ್ಲಲ್ಲಿ ದಿನವಿಡೀ ನಿಂತಿರ್ತೀನಿ, ಅದಕ್ಕಿರಬೇಕು ಅಂತ ಸುಮ್ಮನಿದ್ದೆ. ಸಂಜೆ ಹಿಮ್ಮಡಿಯ ಮೇಲ್ಗಡೆ ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಷಡ್ಡಕ ಬಂದವರು ನೋಡಿ, "ಭಾವ, ಇಂಗ್ಲಿಷ್ ಔಷಧಿ ಕಿಡ್ನಿ ತೆಗೆಯುತ್ತೆ, ಬಿಡಿ ಅದನ್ನ" ಅಂದರು. ಬಿಟ್ಟೆ. ಸತ್ಯ ಏನಂದ್ರೆ ಕಾಲೂತ ಈ ಮಾತ್ರೆಗೆ ಇರುವ ಗೊತ್ತಿರುವ ಅಡ್ಡಪರಿಣಾಮ, ಸಣ್ಣ ರಕ್ತನಾಳ ಹಿಗ್ಗಿ ನೀರು ಹೊರಗೆ ಒಸರೋದರಿಂದ ಬರುತ್ತೆ. ಕಿಡ್ನಿ ಕೆಡಿಸೋದು ಹತೋಟಿಗೆ ಬಾರದ ಬಿಪಿ. ಡಾಕ್ಟರಿಗೆ ಒಂದು ಮಾತು ಹೇಳಿದ್ದರೆ ಮಾತ್ರೆ ಬದಲಾಯಿಸುತ್ತಿದ್ದರು. ಹೇಳೋಕೆ ನನಗೆ ಎಂಟು ತಿಂಗಳು ಬೇಕಾಯ್ತು. ಹೇಳಿದ ದಿನವೇ ಟೆಲ್ಮಿಸಾರ್ಟಾನ್ 40ಕ್ಕೆ ಬದಲಾಯಿಸಿದರು, ಹದಿನೈದು ದಿನಕ್ಕೆ ಕಾಲು ಮೊದಲಿನಂತಾಯ್ತು. (ಅದೇ ಷಡ್ಡಕರು ಸರ್ಪಗಂಧದ ಪುಡಿ ತಂದುಕೊಟ್ಟಿದ್ದರು. ಸರ್ಪಗಂಧ ಬಿಪಿ ಇಳಿಸುತ್ತೆ ಅನ್ನೋದು ನಿಜವೇ. ಬೊಂಬಾಯಿಯ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲೇ ಅದರ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು, ಅದರಿಂದ ತೆಗೆದ ಮಾತ್ರೆ ಜಗತ್ತೆಲ್ಲ ಓಡಾಡಿತು. ಮನಸ್ಸು ಕುಗ್ಗಿಸುತ್ತೆ ಅಂತ ಈಗ ಅದನ್ನು ಬರೆಯೋದು ಬಹಳ ಕಡಿಮೆ. ಚಮಚದಲ್ಲಿ ಅಳೆದು ತಿನ್ನುವ ವಸ್ತು ಅದಲ್ಲ.)

ಟೆಲ್ಮಿಸಾರ್ಟಾನಿನಿಂದ ನನಗೆ ಯಾವ ತೊಂದರೆಯೂ ಇರಲಿಲ್ಲ. ಆದರೂ ತಪ್ಪಿಸುತ್ತಿದ್ದೆ. ಏಕಾದಶಿ ದಿನ ಇಲ್ಲ, ಖಾಲಿ ಹೊಟ್ಟೆಗೆ ಆಗಲ್ಲ ಅಂತ. ಮದುವೆಮನೆಗೆ ಹೋದ ದಿನ ಇಲ್ಲ, ಜೇಬಿಂದ ಸ್ಟ್ರಿಪ್ ತೆಗೆದರೆ ಪಂಕ್ತಿಯಲ್ಲಿ ನಾಲ್ಕು ಜನ "ಏನು, ಶುಗರಾ?" ಅಂತ ಕೇಳ್ತಾರೆ ಅಂತ. ಮನೆಯಲ್ಲಿ ಇವಳು ಬೆಳಿಗ್ಗೆ ಅಡುಗೆಮನೆಯಿಂದಲೇ "ರೀ, ಮಾತ್ರೆ ನುಂಗಿದ್ರಾ?" ಅಂತ ಕೂಗೋಳು. ನಾನು ನುಂಗದೇ "ಹ್ಞೂಂ" ಅಂತಿದ್ದೆ. ಆ ಪ್ರಶ್ನೆ ಕೇಳಿದಾಗೆಲ್ಲ ಯಾರೋ "ನೀನು ರೋಗಿ, ನೀನು ರೋಗಿ" ಅಂದಂತೆ ಕೇಳಿಸುತ್ತಿತ್ತು. ರಾಗಿ ಮೂಟೆ ಒಬ್ಬನೇ ಎತ್ತಿ ಹಾಪರ್‌ಗೆ ಸುರಿಯೋನು ನಾನು, ನನಗೆಂಥ ರೋಗ?

ಅದಕ್ಕಿಂತ ದೊಡ್ಡ ತಪ್ಪು ಡಾಕ್ಟರ ಮುಂದೆ ಆಡಿದ ಸುಳ್ಳು. ತೋರಿಸೋಕೆ ಹೋಗುವ ಮೂರು ದಿನ ಮುಂಚೆ ಸಾಲಾಗಿ ನುಂಗಿಕೊಂಡು ಹೋಗ್ತಿದ್ದೆ. 152/96 ಬರೋದು. "ದಿನಾ ತಗೊಳ್ತಿದ್ದೀರಾ?" "ತಪ್ಪದೆ, ಸರ್." ಪಾಪ, ಅವರೇನು ಮಾಡ್ತಾರೆ? ಒಂದು ಸಾಲದು ಅಂತ ನೀರಿನ ಮಾತ್ರೆ, ಅಂದರೆ ಮೂತ್ರ ಜಾಸ್ತಿ ಮಾಡಿಸುವ ಕ್ಲೋರ್ಥಾಲಿಡೋನ್, ಸೇರಿಸಿದರು. ಅದನ್ನು ಬಿಡೋಕೆ ಕಾರಣ ಹುಡುಕಬೇಕಾಗೇ ಇರಲಿಲ್ಲ. ಬೆಳಿಗ್ಗೆ ನುಂಗಿ ಬೆಂಗಳೂರು ಬಸ್ಸು ಹತ್ತಿ ನೋಡಿ, ತುಮಕೂರು ಬರೋ ಹೊತ್ತಿಗೆ ಜೀವ ಹೋದಂತೆ ಆಗಿರುತ್ತೆ. ಗಂಡಸಿಗೇ ಹೀಗೆ. ನಮ್ಮ ಅಕ್ಕನಿಗೂ ಅದೇ ಜಾತಿಯ ಮಾತ್ರೆ ಇದೆ. ಪ್ರಯಾಣದ ದಿನ ಮಾತ್ರೆಯನ್ನೂ ಮುಟ್ಟಲ್ಲ, ನೀರನ್ನೂ ಮುಟ್ಟಲ್ಲ. "ದಾರೀಲಿ ಎಲ್ಲೋ ಹೋಗ್ಲಿ?" ಅಂತಾಳೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅಂಥ ದಿನ ಊರು ತಲುಪಿದ ಮೇಲೆ ತಗೋಬಹುದಾ ಅಂತ ಡಾಕ್ಟರನ್ನೇ ಕೇಳು ಅಂದಿದ್ದೀನಿ.

ಇನ್ನೊಂದು ಕಾರಣ ಉಂಟು, ಮಕ್ಕಳ ಮುಂದೆ ಯಾವ ತಂದೆಯೂ ಬಾಯಿ ಬಿಡಲ್ಲ. ಕೆಲವು ಬಿಪಿ ಮಾತ್ರೆಗಳಿಂದ ಕೆಲವು ಗಂಡಸರಿಗೆ ದಾಂಪತ್ಯದಲ್ಲಿ ತೊಂದರೆ ಬರುತ್ತೆ. ಅಂಥವರು "ಮರೆತೆ" ಅಂತಲೇ ಹೇಳೋದು. ನಿಮ್ಮ ತಂದೆಯನ್ನು ಡಾಕ್ಟರ ಹತ್ತಿರ ಒಬ್ಬರೇ ಹತ್ತು ನಿಮಿಷ ಬಿಡಿ, ನೀವು ಹೊರಗೆ ಕೂತಿರಿ.

ನನ್ನ ಸುಳ್ಳು ಹೊರಬಿದ್ದಿದ್ದು ಕನ್ನಡಕದ ಅಂಗಡಿಯವರು ಕಳಿಸಿದ ಕಣ್ಣಿನ ಡಾಕ್ಟರ ಹತ್ತಿರ. ಕಣ್ಣಿಗೆ ಹನಿ ಬಿಟ್ಟು, ಕತ್ತಲೆ ಕೋಣೆಯಲ್ಲಿ ಬೆಳಕು ಹಾಕಿ ನೋಡಿದವರು ತಲೆ ಎತ್ತದೇ ಕೇಳಿದರು, "ಬಿಪಿ ಎಷ್ಟು ವರ್ಷದಿಂದ? ಮಾತ್ರೆ ಸರಿಯಾಗಿ ತಗೊಳ್ತಿಲ್ಲ ಅಲ್ವಾ?" ಒಳಗಿನ ರಕ್ತನಾಳ ಸಪೂರವಾಗಿದೆ, ಒಂದೆರಡು ಕಡೆ ರಕ್ತದ ಚುಕ್ಕೆ ಇದೆ ಅಂದರು. ನನಗೆ ಏನೂ ಅನ್ನಿಸದೇ ಇದ್ದ ನಾಲ್ಕು ವರ್ಷ ಕಣ್ಣೊಳಗೆ ಲೆಕ್ಕ ಬರೆದಿಟ್ಟಿತ್ತು.

ಅಲ್ಲಿಂದ ಬಂದ ಮೇಲೆ ಉಪಾಯ ಅಂತ ಮಾಡಿದ್ದು ಸ್ವಲ್ಪವೇ. ಸ್ಟ್ರಿಪ್ ಈಗ ಹಲ್ಲುಜ್ಜುವ ಪೇಸ್ಟಿನ ಪಕ್ಕ ಇರುತ್ತೆ, ಹಿಂಬದಿ ಫಾಯಿಲ್ ಮೇಲೆ ಪೆನ್ನಲ್ಲಿ ಸೋ, ಮಂ, ಬು ಅಂತ ಬರೆದಿರ್ತೀನಿ. ಇವಳು ಕೂಗಿ ಕೇಳೋದನ್ನು ಬಿಟ್ಟಳು, ಮುಖ ತೊಳೆಯುವಾಗ ಒಮ್ಮೆ ಆ ಕಡೆ ನೋಡ್ತಾಳೆ ಅಷ್ಟೆ. ಉಪವಾಸದ ದಿನವೂ ನೀರಲ್ಲಿ ನುಂಗಬಹುದು, ನನ್ನ ಮಾತ್ರೆಗೆ ಊಟದ ಹಂಗಿಲ್ಲ ಅಂತ ಕೇಳಿ ತಿಳಿದುಕೊಂಡೆ. ಜನೌಷಧಿಯಲ್ಲಿ ತಗೊಳ್ತೀನಿ. ಕಂಪನಿ ಬದಲಾಗಿ ಮಾತ್ರೆಯ ಬಣ್ಣ ಬೇರೆಯಾದಾಗ ಹೆಸರು, ಮಿಲಿಗ್ರಾಂ ಎರಡನ್ನೂ ಓದಿಯೇ ತರೋದು. ಮಂಡಿನೋವಿಗೆ ಅಂಗಡಿಯಲ್ಲಿ ಸಿಗುವ ಡೈಕ್ಲೋಫೆನಾಕ್ ಬಿಟ್ಟೆ, ಅದು ಬಿಪಿ ಏರಿಸುತ್ತೆ. ಉಪ್ಪು ದಿನಕ್ಕೆ 5 ಗ್ರಾಂ ಅಂತಾರೆ, ಅಂದರೆ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿದ್ದೀನಿ, ಬಿಟ್ಟಿದ್ದೀನಿ ಅಂದರೆ ಇಲ್ಲೂ ಸುಳ್ಳಾಗುತ್ತೆ.

ಮನೆಗೆ ಮೆಷಿನ್ ತರೋದಾದರೆ ಒಂದು ಮಾತು. ನಾನು ತಂದ ಹೊಸತರಲ್ಲಿ ದಿನಕ್ಕೆ ಹತ್ತು ಸಲ ನೋಡಿ, ನೋಡಿದ್ದಕ್ಕೇ ಏರಿಸಿಕೊಳ್ಳುತ್ತಿದ್ದೆ. ಈಗ ತೋರಿಸೋಕೆ ಹೋಗುವ ಮುಂಚಿನ ವಾರ ಮಾತ್ರ, ಬೆಳಿಗ್ಗೆ ಸಂಜೆ, ಐದು ನಿಮಿಷ ಬೆನ್ನು ಒರಗಿ ಸುಮ್ಮನೆ ಕೂತ ಮೇಲೆ.

ನಿಮ್ಮ ತಂದೆಗೆ "ತಗೊಂಡ್ರಾ?" ಅಂತ ಕೇಳಬೇಡಿ. "ಅಪ್ಪಾ, ತಗೊಂಡ್ರೆ ಏನಾಗುತ್ತೆ?" ಅಂತ ಕೇಳಿ ನೋಡಿ. ಸ್ಟ್ರಿಪ್ ಮೇಲೆ ಅಟೆನೊಲಾಲ್, ಮೆಟೊಪ್ರೊಲಾಲ್ ಅಂತಿದ್ದರೆ ಮಾತ್ರ ತಡ ಮಾಡದೆ ಡಾಕ್ಟರಿಗೆ ಹೇಳಿ, ಅವನ್ನು ಇದ್ದಕ್ಕಿದ್ದಂತೆ ನಿಲ್ಲಿಸೋದು ಅಪಾಯ. ಹೋಗುವಾಗ ಮನೆಯಲ್ಲಿ ಉಳಿದಿರುವ ಮಾತ್ರೆಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಹೋಗಿ. ನಾನು ಹಾಗೆ ಒಯ್ದು ಮೇಜಿನ ಮೇಲೆ ಸುರಿದಾಗ ಬೈತಾರೆ ಅಂತ ತಲೆ ತಗ್ಗಿಸಿ ಕೂತಿದ್ದೆ. ಡಾಕ್ಟರು ಒಂದೊಂದೇ ಎಣಿಸಿದರು, 67 ಇತ್ತು. ಆಮೇಲೆ ಚೀಟಿ ತಗೊಂಡು ನೀರಿನ ಮಾತ್ರೆಯ ಮೇಲೆ ಗೆರೆ ಎಳೆದು, "ಮೊದಲು ಒಂದನ್ನ ದಿನಾ ತಗೊಳ್ಳಿ, ಮುಂದಿನ ತಿಂಗಳು ನೋಡೋಣ" ಅಂದರು. ಆ ಎರಡನೇ ಮಾತ್ರೆ ಇವತ್ತಿನವರೆಗೂ ಬೇಕಾಗಿಲ್ಲ.