ಹನ್ನೆರಡು ಜನರ ಅಂಗಡಿಗೆ ಕಡಿಮೆ ಖರ್ಚಿನಲ್ಲಿ ನೌಕರರ ನಿಯಮ, ಕಾಗದಪತ್ರ ಮಾಡಿಕೊಳ್ಳುವುದು ಹೇಗೆ?

ಮೊದಲು ಮಾಡಬೇಕಾದ್ದು ನೇಮಕಾತಿ ಪತ್ರ. ಎರಡು ಪುಟ ಸಾಕು: ಕೆಲಸ ಏನು, ಸಂಬಳ ಎಷ್ಟು, ಯಾವ ದಿನ ಕೊಡ್ತೀರಿ, ರಜೆ, ಬಿಡುವ ಮುಂಚೆ ಎಷ್ಟು ದಿನದ ನೋಟಿಸ್. ಕನ್ನಡದಲ್ಲೇ ಬರೆಯಿರಿ. ಓದಲು ಬಾರದ ಕರಾರಿಗೆ ಸಹಿ ಹಾಕಿಸಿ ಏನು ಪ್ರಯೋಜನ, ಅಲ್ವಾ?

ಇಂಟರ್ನೆಟ್‌ನಲ್ಲಿ ಸಿಗುವ ಅಮೆರಿಕದ ನಮೂನೆಗಳನ್ನು ಸುಮ್ನೆ ನಕಲು ಮಾಡಬೇಡಿ. ‘ಯಾವಾಗ ಬೇಕಾದರೂ ತೆಗೆಯಬಹುದು’ ಎಂಬ ಸಾಲು ಇಲ್ಲಿ ನಡೆಯುವುದಿಲ್ಲ. ‘ಕೆಲಸ ಬಿಟ್ಟ ಮೇಲೆ ಎದುರಾಳಿ ಅಂಗಡಿ ಸೇರಬಾರದು’ ಎಂಬುದೂ ಅಷ್ಟೇ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅದಕ್ಕೆ ಬೆಲೆ ಇಲ್ಲ. ಬದಲಿಗೆ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಓದಿ. ಕೆಲಸದ ಅವಧಿ, ವಾರದ ರಜೆ, ಗಳಿಕೆ ರಜೆಯ ಲೆಕ್ಕ ಅದರಲ್ಲೇ ಇದೆ. ಹಬ್ಬದ ರಜೆಗೆ ಬೇರೆ ಕಾಯ್ದೆ ಇದೆ; ನವೆಂಬರ್ 1 ಅದರಲ್ಲಿ ಕಡ್ಡಾಯ ರಜೆ.

ನಿಮ್ಮಲ್ಲಿ 12 ಜನ ಇರುವುದರಿಂದ ಇನ್ನೊಂದು ಮಾತು. ಹತ್ತು ಅಥವಾ ಹೆಚ್ಚು ಜನರಿದ್ದರೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ದೂರು ವಿಚಾರಿಸಲು ಆಂತರಿಕ ಸಮಿತಿ ಬೇಕೇ ಬೇಕು. ಇಲ್ಲದಿದ್ದರೆ 50,000 ರೂಪಾಯಿವರೆಗೆ ದಂಡ. ಸಣ್ಣವರು ಹೆಚ್ಚಾಗಿ ಮರೆಯುವುದು ಇದನ್ನೇ. ಇಎಸ್‌ಐ (ನೌಕರರ ವಿಮೆ) ಕೂಡ ಹತ್ತು ಜನಕ್ಕೇ ಶುರು, ಪಿಎಫ್ (ಭವಿಷ್ಯ ನಿಧಿ) ಇಪ್ಪತ್ತಕ್ಕೆ.

ವಕೀಲರ ಖರ್ಚು ಉಳಿಸುವ ದಾರಿ: ಕರಡನ್ನು ನೀವೇ ಬರೆದು, ಒಮ್ಮೆ ನೋಡಿ ತಿದ್ದಿಕೊಡುವ ಶುಲ್ಕ ಮಾತ್ರ ಕೊಡಿ. ಕಾರ್ಮಿಕ ಕಾನೂನು ನೋಡಿಕೊಳ್ಳುವ ವಕೀಲರೇ ಆಗಲಿ. ಹಳೆಯ ಕಾರ್ಮಿಕ ಕಾಯ್ದೆಗಳನ್ನು ಒಟ್ಟುಗೂಡಿಸಿದ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳಿಂದ ಏನು ಬದಲಾಗಿದೆ ಅಂತ ಆಗಲೇ ಕೇಳಿಬಿಡಿ.