ಫೈನಲ್ ಇಯರ್ ರಿವಿಷನ್: ಓದಿದ್ದು ಬೆಡ್ ಪಕ್ಕ ನಿಂತಾಗ ಬಾಯಿಗೆ ಬರಬೇಕಾದರೆ

ಪ್ರಶ್ನೆ: ಮೇಡಂ, ನಾನು ಫೈನಲ್ ಎಂಬಿಬಿಎಸ್ ಪಾರ್ಟ್ ಟೂ. ಪರೀಕ್ಷೆಗೆ ಇನ್ನು ಆರು ವಾರ ಇದೆ. ಮೆಡಿಸಿನ್, ಸರ್ಜರಿ, ಓಬಿಜಿ (ಹೆರಿಗೆ ಮತ್ತು ಸ್ತ್ರೀರೋಗ), ಪೀಡಿಯಾಟ್ರಿಕ್ಸ್ ನಾಲ್ಕನ್ನೂ ಒಂದು ಸಲ ಓದಿ ಮುಗಿಸಿದ್ದೇನೆ, ನೋಟ್ಸ್ ತುಂಬ ಹೈಲೈಟರ್ ಹಾಕಿದ್ದೇನೆ. ಆದರೆ ಯಾರಾದರೂ ಎದುರು ನಿಂತು ಕೇಳಿದರೆ ತಲೆ ಖಾಲಿ. ಎಲ್ಲವನ್ನೂ ಮತ್ತೆ ಮೊದಲಿಂದ ಓದಲಾ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಬೇಡಮ್ಮ, ಮೊದಲಿಂದ ಓದಬೇಡಿ. ಇನ್ನು ಆರು ವಾರ ಪುಸ್ತಕ ಮುಚ್ಚಿಟ್ಟು ಬಾಯಿಬಿಟ್ಟು ಹೇಳುವುದೇ ನಿಮ್ಮ ಓದು.

ಹೈಲೈಟ್ ಮಾಡಿದ ಪುಟವನ್ನು ಮತ್ತೆ ತಿರುವಿ ಹಾಕುವಾಗ ಎಲ್ಲವೂ ಗೊತ್ತಿರುವಂತೆ ಕಾಣುತ್ತದೆ. ಇದು ಗೊತ್ತು, ಇದೂ ಗೊತ್ತು ಅಂತ ಮುಂದೆ ಹೋಗುತ್ತೀರಿ. ಕಂಡಿದ್ದನ್ನು ಗುರುತು ಹಿಡಿಯುವುದೇ ಬೇರೆ, ಏನೂ ನೋಡದೆ ನೆನಪಿಸಿಕೊಂಡು ಹೇಳುವುದೇ ಬೇರೆ ಅಲ್ವಾ? ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷಿಸಿ ನೋಡಿದರು. ಒಂದೇ ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷ ಬಿಟ್ಟು ಕೇಳಿದಾಗ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ಉಲ್ಟಾ ಆಗಿತ್ತು, ಓದಿದ್ದನ್ನು ನೋಡದೆ ಬರೆದು ಅಭ್ಯಾಸ ಮಾಡಿದವರಿಗೇ ಜಾಸ್ತಿ ನೆನಪಿತ್ತು.

ಹೇಗೆ ಮಾಡುವುದು ಅಂತ ಒಂದು ಕೇಸ್ ಹಿಡಿದೇ ಹೇಳುತ್ತೇನೆ. ನಮ್ಮ ಕಡೆ ಮೆಡಿಸಿನ್ ಪ್ರಾಕ್ಟಿಕಲ್‌ಗೆ ರುಮ್ಯಾಟಿಕ್ ಮೈಟ್ರಲ್ ಸ್ಟೆನೋಸಿಸ್ (ಎಂಎಸ್, ಹೃದಯದ ಮೈಟ್ರಲ್ ವಾಲ್ವ್ ಕಿರಿದಾಗುವುದು) ಇಡದ ಕಾಲೇಜು ಕಡಿಮೆ. ಒಂದು ಖಾಲಿ ಹಾಳೆ ತಗೊಳ್ಳಿ, ಮೇಲೆ ‘ಎಂಎಸ್’ ಅಂತ ಬರೆಯಿರಿ, ಆಮೇಲೆ ಎದುರಿಗೆ ಎಕ್ಸಾಮಿನರ್ ಕೂತಿದ್ದಾರೆ ಅಂತಲೇ ಮಾತಾಡಿ. ಟ್ಯಾಪಿಂಗ್ ಏಪೆಕ್ಸ್ (ಹೃದಯದ ತುದಿಯ ಬಡಿತ), ಜೋರಾದ ಮೊದಲ ಹೃದಯ ಶಬ್ದ, ಓಪನಿಂಗ್ ಸ್ನ್ಯಾಪ್ (ವಾಲ್ವ್ ತೆರೆಯುವ ಶಬ್ದ), ಆಮೇಲೆ ಮಿಡ್ ಡಯಾಸ್ಟಾಲಿಕ್ ಮರ್ಮರ್ (ರಕ್ತ ನುಗ್ಗುವ ಸದ್ದು). ಇಷ್ಟು ಎಲ್ಲರೂ ಹೇಳುತ್ತಾರೆ. ಮರ್ಮರ್ ಕೇಳಿಸಿಕೊಂಡದ್ದು ಹೇಗೆ? ಎಡ ಮಗ್ಗುಲಿಗೆ ತಿರುಗಿಸಿ, ಉಸಿರು ಬಿಟ್ಟು ಹಿಡಿಯಲು ಹೇಳಿ, ಸ್ಟೆತಾಸ್ಕೋಪಿನ ಬೆಲ್ ಅನ್ನು ಏಪೆಕ್ಸ್ ಮೇಲೆ ಹಗುರವಾಗಿ ಇಟ್ಟು. ಇದನ್ನು ಸುಮ್ನೆ ಬಾಯಲ್ಲಿ ಹೇಳಬೇಡಿ, ಪಕ್ಕದ ರೂಮಿನ ಗೆಳತಿಯನ್ನು ಮಲಗಿಸಿ ಮಾಡಿ ತೋರಿಸಿ.

ಆಮೇಲೆ ಬರುವ ಪ್ರಶ್ನೆಯಲ್ಲೇ ಮಾರ್ಕ್ಸ್ ಇರುವುದು: ‘ಕಾಯಿಲೆ ತೀವ್ರ ಅಂತ ಹೇಗೆ ಹೇಳ್ತೀರಿ?’ ಮರ್ಮರ್ ಜೋರಾಗಿದೆ ಅಂದರೆ ಮುಗೀತು. ಜೋರು ತೀವ್ರತೆಯನ್ನು ಹೇಳುವುದಿಲ್ಲ. ಮರ್ಮರ್ ಎಷ್ಟು ಉದ್ದ ಇದೆ ಅನ್ನುವುದು ಹೇಳುತ್ತದೆ, ಎರಡನೇ ಶಬ್ದಕ್ಕೂ ಓಪನಿಂಗ್ ಸ್ನ್ಯಾಪ್‌ಗೂ ನಡುವಿನ ಅಂತರ ಎಷ್ಟು ಕಿರಿದಾಗಿದೆ ಅನ್ನುವುದು ಹೇಳುತ್ತದೆ. ಯಾಕೆ? ಎಡ ಏಟ್ರಿಯಂನಲ್ಲಿ ಒತ್ತಡ ಜಾಸ್ತಿ ಇದ್ದಷ್ಟೂ ವಾಲ್ವ್ ಬೇಗ ತೆರೆಯುತ್ತದೆ. ಈ ‘ಯಾಕೆ’ ತಿಳಿದುಬಿಟ್ಟರೆ ಆ ಅಂಶವನ್ನು ಬಾಯಿಪಾಠ ಮಾಡುವುದೇ ಬೇಡ. ಹಾಗೇ ಮುಂದುವರಿಸಿ. ಮೊದಲ ಶಬ್ದ ಮೆತ್ತಗಾಗುವುದು ಯಾವಾಗ? ವಾಲ್ವ್‌ನಲ್ಲಿ ಕ್ಯಾಲ್ಸಿಯಂ ಕೂತು ಗಟ್ಟಿಯಾದಾಗ. ಏಪೆಕ್ಸ್ ಕೆಳಗೆ ಮತ್ತು ಹೊರಗೆ ಸರಿದಿದ್ದರೆ? ಬರೀ ಎಂಎಸ್‌ನಲ್ಲಿ ಎಡ ವೆಂಟ್ರಿಕಲ್ ದೊಡ್ಡದಾಗುವುದಿಲ್ಲ, ಹಾಗಾಗಿ ಜೊತೆಗೆ ಮೈಟ್ರಲ್ ರಿಗರ್ಜಿಟೇಶನ್ (ವಾಲ್ವ್ ಸೋರುವುದು) ಅಥವಾ ಅಯೋರ್ಟಿಕ್ ರಿಗರ್ಜಿಟೇಶನ್ ಇದೆಯಾ ಅಂತ ಹುಡುಕಬೇಕು.

ಎಲ್ಲಿ ತಡವರಿಸಿದಿರೋ ಅಷ್ಟನ್ನು ಮಾತ್ರ ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಪ್ರಶ್ನೆಯ ರೂಪದಲ್ಲಿ ಬರೆದಿಡಿ. ಉತ್ತರ ಹಿಂದಿನ ಪುಟದಲ್ಲಿರಲಿ. ಅದನ್ನು ಮರುದಿನ ಕೇಳಿಕೊಳ್ಳಿ, ಮೂರು ದಿನ ಬಿಟ್ಟು ಇನ್ನೊಮ್ಮೆ, ವಾರ ಬಿಟ್ಟು ಮತ್ತೊಮ್ಮೆ. ಕೊನೆಯ ವಾರ ನಿಮ್ಮ ಕೈಯಲ್ಲಿ ಇರಬೇಕಾದದ್ದು ಆ ನೋಟ್‌ಬುಕ್ಕೇ.

ಇನ್ನೊಂದು. ಒಂದಕ್ಕೊಂದು ಗೊಂದಲ ಮಾಡುವಂಥವನ್ನು ಜೋಡಿ ಮಾಡಿಯೇ ಕೇಳಿಕೊಳ್ಳಿ. ಎದೆಯ ಒಂದು ಕಡೆ ಉಸಿರಿನ ಶಬ್ದ ಕಡಿಮೆ, ತಟ್ಟಿದರೆ ಡಲ್. ದೊಡ್ಡ ಪ್ಲೂರಲ್ ಎಫ್ಯೂಷನ್ (ಶ್ವಾಸಕೋಶದ ಸುತ್ತ ನೀರು ತುಂಬುವುದು) ಆದರೆ ಟ್ರೇಕಿಯಾ (ಶ್ವಾಸನಾಳ) ಆಚೆ ಕಡೆಗೆ ತಳ್ಳಿರುತ್ತದೆ, ಶ್ವಾಸಕೋಶ ಕೊಲ್ಯಾಪ್ಸ್ ಆಗಿದ್ದರೆ ಅದೇ ಕಡೆಗೆ ಎಳೆದಿರುತ್ತದೆ. ಅಂದರೆ ಬೆರಳು ಮೊದಲು ಹೋಗಬೇಕಾದದ್ದು ಟ್ರೇಕಿಯಾಗೆ. ಇಂಗ್ವೈನಲ್ ಹರ್ನಿಯಾ ಪ್ಯೂಬಿಕ್ ಟ್ಯೂಬರ್ಕಲ್‌ಗೆ ಮೇಲೆ ಮತ್ತು ಒಳಗೆ, ಫೆಮೊರಲ್ ಕೆಳಗೆ ಮತ್ತು ಹೊರಗೆ. ಏಳೆಂಟು ತಿಂಗಳ ಗರ್ಭಿಣಿಗೆ ನೋವಿಲ್ಲದೆ ರಕ್ತ ಹೋಗುತ್ತಿದ್ದರೆ ಪ್ಲಾಸೆಂಟಾ ಪ್ರೀವಿಯಾ (ಮಾಸು ಗರ್ಭಕೋಶದ ಬಾಯಿ ಹತ್ತಿರ ಇರುವುದು), ಹೊಟ್ಟೆ ಗಟ್ಟಿಯಾಗಿ ನೋಯುತ್ತಿದ್ದರೆ ಅಬ್ರಪ್ಶನ್ (ಮಾಸು ಮೊದಲೇ ಬಿಟ್ಟುಕೊಳ್ಳುವುದು) ಅಂತ ಮನಸ್ಸು ಓಡಬೇಕು. ಅಲ್ಟ್ರಾಸೌಂಡ್‌ನಲ್ಲಿ ಪ್ರೀವಿಯಾ ಇಲ್ಲ ಅಂತ ಖಚಿತವಾಗುವ ಮೊದಲು ಪಿವಿ (ಯೋನಿಯೊಳಗೆ ಬೆರಳಿಟ್ಟು ಪರೀಕ್ಷೆ) ಮಾಡುತ್ತೇನೆ ಅಂತ ಮಾತ್ರ ಹೇಳಬೇಡಿ. ಆ ಒಂದು ವಾಕ್ಯಕ್ಕೆ ಫೇಲ್ ಮಾಡುವವರಿದ್ದಾರೆ, ಮತ್ತು ನನ್ನ ಪ್ರಕಾರ ಅದು ಸರಿಯೇ, ಯಾಕಂದರೆ ಆ ಬೆರಳಿನಿಂದ ತಾಯಿ ಸಾಯಬಹುದು.

ಪ್ರಶ್ನೆ: ಸರ್ ಒಬ್ಬರು ಎಲ್ಲಾ ಡೋಸ್ ಬಾಯಿಪಾಠ ಮಾಡಿ ಅಂತಾರೆ, ಇನ್ನೊಬ್ಬರು ಡೋಸ್ ಬೇಡ, ಕಾನ್ಸೆಪ್ಟ್ ಸಾಕು ಅಂತಾರೆ. ಯಾವ ನಂಬರ್‌ಗಳು ನಿಜವಾಗಿ ಬೇಕು?
– ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಮೊಬೈಲ್ ತೆಗೆದು ನೋಡಲು ಪುರುಸೊತ್ತಿಲ್ಲದ ಕಡೆ ಬೇಕಾಗುವ ನಂಬರ್‌ಗಳು ಬೇಕು. ಮಿಕ್ಕವು ಬಂದರೆ ಬರಲಿ. ಇಂಟರ್ನ್‌ಶಿಪ್‌ನ ಮೊದಲ ನೈಟ್ ಡ್ಯೂಟಿಯಲ್ಲಿ, ಪೀಜಿ ಓಟಿಯಲ್ಲಿದ್ದಾಗ, ಕ್ಯಾಶುವಾಲ್ಟಿಗೆ ಏನೇನು ಬರಬಹುದು ಅಂತ ಯೋಚಿಸಿ. ಪಟ್ಟಿ ತಾನಾಗೇ ಸಿದ್ಧವಾಗುತ್ತದೆ.

ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಆ ಪಟ್ಟಿಯ ಮೇಲ್ಗಡೆ ಇರುವುದು ಬೆಳೆಗೆ ಹೊಡೆಯುವ ಔಷಧಿ ಕುಡಿದು ಬಂದವರು. ಆರ್ಗನೊಫಾಸ್ಫೇಟ್ ವಿಷ. ಸೂಜಿಮೊನೆಯಷ್ಟು ಪಾಪೆ, ಬಾಯಿಂದ ನೊರೆ, ಮೈಯೆಲ್ಲ ಬೆವರು, ನಿಧಾನ ನಾಡಿ, ಮಾಂಸಖಂಡಗಳು ಪಟಪಟ ಅದುರುತ್ತಿರುತ್ತವೆ. ಅಟ್ರೊಪಿನ್ ಆಂಪ್ಯೂಲ್‌ನಲ್ಲಿ ಸಾಮಾನ್ಯವಾಗಿ 0.6 ಮಿಲಿಗ್ರಾಂ ಇರುತ್ತದೆ. ದೊಡ್ಡವರಿಗೆ 1.8ರಿಂದ 3 ಮಿಲಿಗ್ರಾಂ, ಅಂದರೆ ಮೂರರಿಂದ ಐದು ಆಂಪ್ಯೂಲ್ ಒಟ್ಟಿಗೆ ಕೊಟ್ಟು, ಐದು ನಿಮಿಷ ನೋಡಿ, ಸಾಲದಿದ್ದರೆ ಎರಡರಷ್ಟು ಮಾಡುತ್ತಾ ಹೋಗಬೇಕು. ಎಲ್ಲಿಯವರೆಗೆ? ಎದೆಯಲ್ಲಿ ಗೊರಗೊರ ನಿಂತು, ನಾಡಿ 80 ದಾಟಿ, ಸಿಸ್ಟಾಲಿಕ್ ಬಿಪಿ 80 ದಾಟಿ, ಕಂಕುಳು ಒಣಗುವವರೆಗೆ. ಪಾಪೆ ದೊಡ್ಡದಾಯಿತು ಅನ್ನುವುದೊಂದನ್ನೇ ನಂಬಿ ನಿಲ್ಲಿಸಬೇಡಿ. ಅಟ್ರೊಪಿನ್ ಜಾಸ್ತಿಯಾದರೆ ಜ್ವರ, ಬಡಬಡಿಕೆ, ಕರುಳಿನ ಶಬ್ದ ಇಲ್ಲ, ಮೂತ್ರ ಕಟ್ಟುವುದು. ಇನ್ನು ಒಂದರಿಂದ ನಾಲ್ಕು ದಿನದೊಳಗೆ, ಎಲ್ಲಾ ಸರಿಹೋಯಿತು ಅಂದುಕೊಂಡಾಗ ಇಂಟರ್ಮೀಡಿಯೇಟ್ ಸಿಂಡ್ರೋಮ್ ಬರಬಹುದು. ಅದನ್ನು ಹಿಡಿಯಲು ಯಾವ ಮಷೀನೂ ಬೇಡ, ‘ದಿಂಬಿನಿಂದ ತಲೆ ಎತ್ತಿ ನೋಡೋಣ’ ಅಂತ ರೋಗಿಗೆ ಹೇಳಿ. ಎತ್ತಲು ಆಗದಿದ್ದರೆ ಉಸಿರಾಟದ ಸ್ನಾಯುಗಳೂ ಸೋಲುವ ಹಾದಿಯಲ್ಲಿವೆ, ವೆಂಟಿಲೇಟರ್ ರೆಡಿ ಇರಲಿ.

ಎರಡನೆಯದು ಹಾವು ಕಡಿತ. ನಾಗರಹಾವು, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೆ ನಮ್ಮ ಹಾವಿನ ವಿಷದ ಮದ್ದು ಎಎಸ್‌ವಿ ಕೆಲಸ ಮಾಡುತ್ತದೆ. ಕಟ್ಟು ಹಾವು ಕಡಿದ ಗುರುತು ಸರಿಯಾಗಿ ಕಾಣಲಿಕ್ಕಿಲ್ಲ. ರಾತ್ರಿ ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದು, ಕಣ್ಣಿನ ರೆಪ್ಪೆ ಜೋತುಬಿದ್ದಿದ್ದರೆ ಅದನ್ನೇ ನೆನೆಯಿರಿ. ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ 2 ಎಂಎಲ್ ರಕ್ತ, ಒಣಗಿದ ಶುದ್ಧ ಗಾಜಿನ ಟ್ಯೂಬು, 20 ನಿಮಿಷ ಅಲುಗಿಸದೆ ಇಟ್ಟು ಒಮ್ಮೆ ವಾಲಿಸಿ ನೋಡುವುದು. ಪ್ಲಾಸ್ಟಿಕ್ ಟ್ಯೂಬು ಅಂದರೆ ತಪ್ಪು. ವಿಷ ಏರಿದ ಲಕ್ಷಣ ಇದ್ದರೆ ಹತ್ತು ವಯಲ್‌ನಿಂದ ಶುರು, ಮಗುವಿಗೂ ಅಷ್ಟೇ, ಯಾಕಂದರೆ ಹಾವು ಮಗು ಅಂತ ವಿಷ ಕಡಿಮೆ ಬಿಡುವುದಿಲ್ಲ. ಅಡ್ರಿನಲಿನ್ ಸಿರಿಂಜಿನಲ್ಲಿ ಎಳೆದಿಟ್ಟುಕೊಂಡೇ ಎಎಸ್‌ವಿ ಶುರು ಮಾಡುತ್ತೇನೆ ಅಂತ ಹೇಳಿ. ಮಲೆನಾಡು, ಕೊಡಗಿನವರು ಇದನ್ನೂ ಸೇರಿಸಿಕೊಳ್ಳಿ: ಅಲ್ಲಿ ಸಿಗುವ ಹಂಪ್ ನೋಸ್ಡ್ ಪಿಟ್ ವೈಪರ್‌ಗೆ ಈ ಎಎಸ್‌ವಿ ನಾಟುವುದಿಲ್ಲ.

ಓಬಿಜಿಯಲ್ಲಿ ಎಕ್ಲಾಂಪ್ಸಿಯಾ (ಬಿಪಿ ಏರಿದ ಗರ್ಭಿಣಿಗೆ ಫಿಟ್ಸ್ ಬರುವುದು). ಪ್ರಿಚರ್ಡ್ ಎಂಬ ವೈದ್ಯರ ಕ್ರಮದ ಪ್ರಕಾರ ಮ್ಯಾಗ್ನೀಷಿಯಂ ಸಲ್ಫೇಟ್ 4 ಗ್ರಾಂ ನಿಧಾನವಾಗಿ ರಕ್ತನಾಳಕ್ಕೆ, ಎರಡೂ ಪೃಷ್ಠಕ್ಕೆ 5–5 ಗ್ರಾಂ, ಆಮೇಲೆ ನಾಲ್ಕು ಗಂಟೆಗೊಮ್ಮೆ 5 ಗ್ರಾಂ. ಪ್ರತಿ ಡೋಸ್‌ಗೆ ಮುಂಚೆ ಮಂಡಿಯ ಜರ್ಕ್ ಇದೆಯಾ, ಉಸಿರು ನಿಮಿಷಕ್ಕೆ 16 ಆದರೂ ಇದೆಯಾ, ಮೂತ್ರ ಗಂಟೆಗೆ 30 ಎಂಎಲ್ ಆದರೂ ಬಂದಿದೆಯಾ ನೋಡಿ. ಪ್ರತ್ಯೌಷಧ ಕ್ಯಾಲ್ಸಿಯಂ ಗ್ಲುಕೋನೇಟ್ 1 ಗ್ರಾಂ. ಪಿಪಿಎಚ್‌ನಲ್ಲಿ (ಹೆರಿಗೆ ನಂತರದ ರಕ್ತಸ್ರಾವ) ಬಿಪಿ ಇರುವವರಿಗೆ ಎರ್ಗೊಮೆಟ್ರಿನ್ ಬೇಡ, ಅಸ್ತಮಾ ಇರುವವರಿಗೆ ಕಾರ್ಬೊಪ್ರಾಸ್ಟ್ ಬೇಡ.

ಡಿಕೆಎಯಲ್ಲಿ (ಸಕ್ಕರೆ ಕಾಯಿಲೆಯಲ್ಲಿ ರಕ್ತ ಆಮ್ಲೀಯವಾಗುವ ತುರ್ತು ಸ್ಥಿತಿ) ಪೊಟ್ಯಾಶಿಯಂ 3.3ಕ್ಕಿಂತ ಕಡಿಮೆ ಇದ್ದರೆ ಇನ್ಸುಲಿನ್ ಕೊಡುವ ಮೊದಲು ಪೊಟ್ಯಾಶಿಯಂ. ಮಕ್ಕಳಲ್ಲಿ ಉಸಿರು ವೇಗ ಅನ್ನಲು ನಿಮಿಷಕ್ಕೆ ಕಡೇಪಕ್ಷ ಇಷ್ಟಿರಬೇಕು: ಎರಡು ತಿಂಗಳೊಳಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40. ತೀವ್ರ ನಿರ್ಜಲೀಕರಣಕ್ಕೆ ರಕ್ತನಾಳಕ್ಕೆ ಫ್ಲೂಯಿಡ್ ಕೆಜಿಗೆ 100 ಎಂಎಲ್, ವರ್ಷದೊಳಗಿನ ಮಗುವಿಗೆ 30 ಎಂಎಲ್ ಒಂದು ಗಂಟೆಯಲ್ಲಿ, ಉಳಿದ 70 ಐದು ಗಂಟೆಯಲ್ಲಿ. ಈ ಡೋಸ್‌ಗಳು ವಿದ್ಯಾರ್ಥಿಗಳ ರಿವಿಷನ್‌ಗೆ. ವಾರ್ಡಿನಲ್ಲಿ ನಿಮ್ಮ ಯೂನಿಟ್‌ನ ಪ್ರೋಟೊಕಾಲ್ ನೋಡಿಯೇ ಕೊಡಿ.

ಪ್ರಶ್ನೆ: ಸೀನಿಯರ್ ನೋಟ್ಸ್‌ನಲ್ಲಿ ಒಂದು, ಹೊಸ ಪುಸ್ತಕದಲ್ಲಿ ಇನ್ನೊಂದು ಇದ್ದರೆ ವೈವಾದಲ್ಲಿ ಯಾವುದು ಹೇಳಲಿ?
– ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಎರಡೂ ಹೇಳಿ, ಆದರೆ ಹೊಸದನ್ನು ಮೊದಲು ಹೇಳಿ. ಟೆನ್ಷನ್ ನ್ಯೂಮೊಥೊರಾಕ್ಸ್‌ಗೆ (ಎದೆಯೊಳಗೆ ಗಾಳಿ ಕಟ್ಟಿ ಶ್ವಾಸಕೋಶವನ್ನು ಒತ್ತುವುದು) ಸೂಜಿ ಎಲ್ಲಿ ಹಾಕುತ್ತೀರಿ ಅಂದರೆ ಹಳಬರೆಲ್ಲ ಎರಡನೇ ಪಕ್ಕೆಲುಬಿನ ಸಂದು, ಮಿಡ್ ಕ್ಲಾವಿಕ್ಯುಲರ್ ಗೆರೆ ಅಂತ ಕಲಿತವರು. ಗಾಯಾಳುಗಳ ತುರ್ತು ಚಿಕಿತ್ಸೆ ಕಲಿಸುವ ಎಟಿಎಲ್‌ಎಸ್ ಕೋರ್ಸಿನ 2018ರ ಹತ್ತನೇ ಆವೃತ್ತಿ ದೊಡ್ಡವರಿಗೆ ನಾಲ್ಕು ಅಥವಾ ಐದನೇ ಸಂದು, ಮಿಡ್ ಆಕ್ಸಿಲರಿ ಗೆರೆಗೆ ಸ್ವಲ್ಪ ಮುಂದೆ ಅಂತ ಬದಲಾಯಿಸಿತು, ಮಕ್ಕಳಿಗೆ ಹಳೆಯ ಜಾಗವನ್ನೇ ಉಳಿಸಿತು. ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿದರೆ ಎಕ್ಸಾಮಿನರ್ ಹಳಬರಾಗಲಿ ಹೊಸಬರಾಗಲಿ ತಕರಾರು ಇರುವುದಿಲ್ಲ. ಎಕ್ಸ್-ರೇಗೆ ಕಳಿಸುತ್ತೇನೆ ಅಂತ ಮಾತ್ರ ಅನ್ನಬೇಡಿ. ಸುಟ್ಟಗಾಯದ ಫ್ಲೂಯಿಡ್ ಕೂಡ ಹಾಗೇ: ಪಾರ್ಕ್‌ಲ್ಯಾಂಡ್ ಲೆಕ್ಕದಲ್ಲಿ ಪ್ರತಿ ಕೆಜಿಗೆ, ಮೈ ಸುಟ್ಟ ಪ್ರತಿ ಶೇಕಡಾ ಒಂದಕ್ಕೆ 4 ಎಂಎಲ್, ಎಟಿಎಲ್‌ಎಸ್ ಈಗ ದೊಡ್ಡವರಿಗೆ 2 ಎಂಎಲ್‌ನಿಂದ ಶುರು ಮಾಡಿ ಮೂತ್ರ ನೋಡಿಕೊಂಡು ಸರಿಮಾಡಿ ಅನ್ನುತ್ತದೆ. ಎರಡರಲ್ಲೂ ಮೊದಲ ಎಂಟು ಗಂಟೆಯ ಲೆಕ್ಕ ಸುಟ್ಟ ಹೊತ್ತಿನಿಂದ, ಆಸ್ಪತ್ರೆಗೆ ಬಂದ ಹೊತ್ತಿನಿಂದ ಅಲ್ಲ.

ಟಿಬಿ ವಿಷಯದಲ್ಲಿ ಮಾತ್ರ ಹಳೆಯದನ್ನು ಕೈಬಿಡಿ. ವಾರಕ್ಕೆ ಮೂರು ದಿನದ ಮಾತ್ರೆ ಹೋಗಿದೆ. ಈಗ ದಿನಾ, ತೂಕದ ಪ್ರಕಾರ, ಎರಡು ತಿಂಗಳು ನಾಲ್ಕು ಔಷಧಿ, ನಾಲ್ಕು ತಿಂಗಳು ಮೂರು.

ಪ್ರಶ್ನೆ: ನಾನು ಎಸೆಸೆಲ್ಸಿವರೆಗೆ ಕನ್ನಡ ಮೀಡಿಯಂ. ವಿಷಯ ಗೊತ್ತಿದ್ದರೂ ಇಂಗ್ಲಿಷಿನಲ್ಲಿ ಕೇಸ್ ಹೇಳುವಾಗ ನಿಂತುಹೋಗುತ್ತೇನೆ.
– ವಿದ್ಯಾರ್ಥಿ, ಚಾಮರಾಜನಗರ

ಉತ್ತರ: ಪೇಷಂಟ್ ಹತ್ತಿರ ನಿಮಗೆ ಸಿಗುವ ಹಿಸ್ಟರಿ ಬೇರೆಯವರಿಗೆ ಸಿಗುವುದಿಲ್ಲ, ಇದನ್ನು ಮೊದಲು ನಂಬಿ. ‘ದಮ್ಮು ಬರ್ತದೆ’ ಅಂದ ಅಜ್ಜಿಗೆ ‘ಎಷ್ಟು ದೂರ ನಡೆದರೆ ಬರ್ತದೆ ಅಜ್ಜೀ, ನೀರು ತರೋಕೆ ಹೋದಾಗಲೋ, ಬಚ್ಚಲಿಗೆ ಹೋಗಿ ಬರೋವಾಗಲೋ?’ ಅಂತ ಕೇಳಿದರೆ ಡಿಸ್ಪ್ನಿಯಾದ (ದಮ್ಮಿನ) ಗ್ರೇಡ್ ಸಿಕ್ಕಿತು. ‘ರಾತ್ರಿ ಎಷ್ಟು ದಿಂಬು ಇಟ್ಕೋತೀರಿ, ನಿದ್ದೆಯಿಂದ ಎದ್ದು ಕಿಟಕಿ ಹತ್ತಿರ ಹೋಗಿ ಕೂರ್ತೀರಾ?’ ಅಂದರೆ ಆರ್ಥಾಪ್ನಿಯಾ (ಮಲಗಿದರೆ ಬರುವ ದಮ್ಮು), ಪಿಎನ್‌ಡಿ (ನಿದ್ದೆಯಿಂದ ಎಬ್ಬಿಸುವ ದಮ್ಮು) ಎರಡೂ ಆಯಿತು. ಹೇಳುವಾಗ ಬೇಕಾಗುವ ಇಂಗ್ಲಿಷ್ ಎಷ್ಟು ಗೊತ್ತಾ? ಲಾಂಗ್ ಕೇಸಿನ ಮೊದಲ ನಾಲ್ಕೈದು ವಾಕ್ಯ ಯಾವ ರೋಗಿಗಾದರೂ ಒಂದೇ ಅಚ್ಚು. ಅವನ್ನು ದಿನಾ ಒಬ್ಬ ಪೇಷಂಟ್ ನೋಡಿ ಬಂದು ಗೋಡೆಗೆ ಹೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಆ ವಾಕ್ಯಗಳು ಸಲೀಸಾಗಿ ಬಂದರೆ ಮುಂದಿನವು ತಡವರಿಸಿದರೂ ನಡೆಯುತ್ತದೆ. ವ್ಯಾಕರಣಕ್ಕೆ ಮಾರ್ಕ್ಸ್ ಕಳೆಯುವುದಿಲ್ಲ. ನೋಡದ ಲಕ್ಷಣವನ್ನು ನೋಡಿದೆ ಅಂದರೆ ಕಳೆಯುತ್ತಾರೆ, ಗುಲ್ಮ (ಸ್ಪ್ಲೀನ್) ಕೈಗೆ ಸಿಗದಿದ್ದರೆ ಸಿಗಲಿಲ್ಲ ಅನ್ನಿ.

ಪ್ರಶ್ನೆ: ಮಗ ಪ್ರಾಕ್ಟಿಕಲ್ ಹಿಂದಿನ ರಾತ್ರಿಯೆಲ್ಲ ಎದ್ದು ಓದುತ್ತೇನೆ ಅಂತಾನೆ. ಬಿಡಬೇಕಾ?
– ತಾಯಿ, ತುಮಕೂರು

ಉತ್ತರ: ಬಿಡಬೇಡಿ ಅಮ್ಮ. ನಿದ್ದೆಗೆಟ್ಟ ಕಿವಿಗೆ ಮರ್ಮರ್ ಕೇಳಿಸುವುದಿಲ್ಲ, ಓದಿದ್ದು ಗಟ್ಟಿಯಾಗುವುದೂ ನಿದ್ದೆಯಲ್ಲೇ. ಹತ್ತು ಗಂಟೆಗೆ ಪುಸ್ತಕ ತೆಗೆದಿಡಲು ಹೇಳಿ. ಸ್ಟೆತಾಸ್ಕೋಪ್, ಟೇಪು, ಟಾರ್ಚು, ಹ್ಯಾಮರ್, ಟ್ಯೂನಿಂಗ್ ಫೋರ್ಕ್, ಹತ್ತಿ, ಸ್ಕೆಚ್ ಪೆನ್, ಸೆಕೆಂಡ್ ಮುಳ್ಳಿರುವ ವಾಚು, ಹಾಲ್ ಟಿಕೆಟ್ ರಾತ್ರಿಯೇ ಬ್ಯಾಗಿಗೆ ಹಾಕಿಡಲಿ. ಟಾರ್ಚಿನ ಸೆಲ್ ಉರಿಯುತ್ತದಾ ಅಂತ ಒಮ್ಮೆ ನೋಡಿಬಿಡಿ.