ಕ್ಯಾಲ್ಗರಿಯಲ್ಲಿ ನೆಟ್ಟ ಐರಿಸ್ ಯಾಕೆ ಹೂ ಬಿಡುತ್ತಿಲ್ಲ?

ನೀವು ಕೇಳಿದ್ದು ಇಷ್ಟು: ಕೆನಡಾದ ಕ್ಯಾಲ್ಗರಿಗೆ ಬಂದು ಎರಡು ವರ್ಷವಾಗಿದೆ. ಹೋದ ಸೆಪ್ಟೆಂಬರ್ ಮಧ್ಯದಲ್ಲಿ ಎತ್ತರದ ಜಾತಿಯ ಆರು ಐರಿಸ್ ಗಡ್ಡೆ ತಂದು ನೆಟ್ಟಿದ್ದೀರಿ. ಚಳಿ ತಾಗದಿರಲಿ ಅಂತ ಮಣ್ಣು ಮುಚ್ಚಿ, ಮೇಲೆ ದಪ್ಪಗೆ ಒಣ ಎಲೆ ಹೊದಿಸಿದ್ದೀರಿ. ಈಗ ಜೂನ್ ಕೊನೆ. ಮೂರು ಕೊಳೆತಿವೆ, ಉಳಿದ ಮೂರರಲ್ಲಿ ಬರೀ ಎಲೆ. ಈ ಊರಿನ ಚಳಿಗೆ ಐರಿಸ್ ಆಗುವುದೇ ಇಲ್ಲವಾ?

ಆಗುತ್ತದೆ. ನನ್ನ ಹಿತ್ತಲಲ್ಲಿ ಹನ್ನೊಂದು ವರ್ಷದಿಂದ ಆಗುತ್ತಿದೆ. ಆದರೆ ಮೊದಲ ಎರಡು ವರ್ಷ ನಾನೂ ನಿಮ್ಮ ಹಾಗೇ ಗಡ್ಡೆ ಕೊಳೆಸಿದವಳೇ. ಹಾಗಾಗಿ ನಿಮ್ಮ ಗಿಡಗಳನ್ನು ಕೊಂದದ್ದು ಚಳಿಯಲ್ಲ, ಹೊದಿಕೆಯ ಕೆಳಗಿನ ತೇವ ಅಂತ ಸ್ವಲ್ಪ ಧೈರ್ಯವಾಗಿಯೇ ಹೇಳುತ್ತೇನೆ.

ನಾನು ಸಾಗರದ ಕಡೆಯವಳು. ಸುತ್ತಮುತ್ತ ಶುಂಠಿ ಬೆಳೆಯುವ ಊರು. ಇಲ್ಲಿ ಮೊದಲ ಸಲ ಐರಿಸ್ ಗಡ್ಡೆ ಕೈಗೆ ಸಿಕ್ಕಾಗ, ಶುಂಠಿ ನೆಟ್ಟ ಹಾಗೇ ನೆಟ್ಟುಬಿಟ್ಟೆ. ಮೂರು ಬೆರಳು ಆಳ, ಮೇಲೆ ಗೊಬ್ಬರ, ಅದರ ಮೇಲೆ ಸೊಪ್ಪಿನ ಬದಲು ಒಣ ಎಲೆ. ನೋಡಲು ಎರಡೂ ಅಕ್ಕತಂಗಿಯರ ಹಾಗೇ ಇವೆ. ಒಂದು ಬೇಸಿಗೆಯಲ್ಲಿ ಅಮ್ಮ ಬಂದಿದ್ದಾಗ, ಗ್ಯಾರೇಜಿನಲ್ಲಿ ಕಾಗದದ ಮೇಲೆ ಹರವಿದ್ದ ಗಡ್ಡೆ ನೋಡಿ “ಇಷ್ಟೊಂದು ಶುಂಠಿ ಯಾಕೆ ಒಣಗಿಸ್ತಿದ್ದೀಯೇ?” ಅಂತ ಒಂದನ್ನು ಅಡುಗೆಮನೆಗೆ ತಂದಿದ್ದರು. ನಗು ಬಂತು, ಹೆದರಿಕೆಯೂ ಆಯಿತು. ಐರಿಸ್ ಗಡ್ಡೆ ವಿಷ. ತಿಂದರೆ ವಾಂತಿ, ಹೊಟ್ಟೆನೋವು. ನಾಯಿ ಬೆಕ್ಕುಗಳಿಗೂ ಅಷ್ಟೇ. ಒಣಗಲು ಇಡುವಾಗ ಹೆಸರು ಬರೆದಿಡಿ.

ಶುಂಠಿ ಮಣ್ಣಿನೊಳಗೆ ಬೆಚ್ಚಗೆ ಮಲಗಬೇಕು. ಐರಿಸ್ ಬೆನ್ನಿಗೆ ಬಿಸಿಲು ಬೀಳಬೇಕು. ಬೇರು ಮಣ್ಣಿನಲ್ಲಿ, ಗಡ್ಡೆಯ ಮೇಲ್ಭಾಗ ಮಣ್ಣಿನ ಮಟ್ಟದಲ್ಲಿ, ಕಣ್ಣಿಗೆ ಕಾಣುವ ಹಾಗೆ. ಕೆರೆಯಲ್ಲಿ ಎಮ್ಮೆ ಮಲಗಿದಾಗ ಬೆನ್ನು ಮಾತ್ರ ಕಾಣುತ್ತದಲ್ಲ, ಅಷ್ಟು. ನಾನು ಈ ಮಾತು ಹೇಳುತ್ತಿರುವುದು ಗಡ್ಡದ ಐರಿಸ್‌ಗೆ ಮಾತ್ರ. ಕೆಳಗಿನ ಎಸಳುಗಳ ಮೇಲೆ ಕಂಬಳಿಹುಳದಂಥ ಒಂದು ಗೆರೆ ಇರುತ್ತದೆ, ಅದೇ ಗಡ್ಡ. ಗಡ್ಡೆಯಿಂದ ಬರುವ ಗಡ್ಡದ ಹೂ! ನೀವು ನೆಟ್ಟದ್ದೂ ಅದೇ.

ಈಗ ಚಳಿಗಾಲದ ವಿಷಯ. ಇಲ್ಲಿಗೆ ಬಂದ ಎಲ್ಲರೂ ಮೈನಸ್ 30ಕ್ಕೆ ಹೆದರುತ್ತಾರೆ. ಐರಿಸ್ ಅದಕ್ಕೆ ಅಷ್ಟಾಗಿ ಹೆದರುವುದಿಲ್ಲ. ಅದರ ಶತ್ರು ಶಿನೂಕ್ ಗಾಳಿ. ಪೆಸಿಫಿಕ್ ಕಡೆಯಿಂದ ಬರುವ ಗಾಳಿ ರಾಕಿ ಪರ್ವತದ ಆಚೆ ಮಗ್ಗುಲಲ್ಲಿ ನೀರೆಲ್ಲ ಸುರಿದು, ಈಚೆ ಇಳಿಯುವಾಗ ಒಣಗಿ ಬಿಸಿಯಾಗುತ್ತದೆ. ಆಗುಂಬೆಯಲ್ಲಿ ಮಳೆ ಸುರಿಸಿದ ಮೋಡ ಬಯಲುಸೀಮೆಗೆ ಬರುವಷ್ಟರಲ್ಲಿ ಬರಿಗೈ ಆಗಿರುತ್ತದಲ್ವಾ, ಆ ಥರ. ಜನವರಿಯಲ್ಲಿ ಬೆಳಗ್ಗೆ ಮೈನಸ್ 20 ಇದ್ದದ್ದು ಮಾರನೇ ದಿನಕ್ಕೆ ಪ್ಲಸ್ 8. ನಮಗೆ ಹಬ್ಬ, ಜಾಕೆಟ್ ತೆಗೆದು ವಾಕಿಂಗ್. ಗಿಡಕ್ಕೆ ಕಷ್ಟ. ಹಿಮ ಕರಗಿ ಮೇಲಿನ ಮಣ್ಣು ಒದ್ದೆಯಾಗುತ್ತದೆ, ಕೆಳಗಿನ ಮಣ್ಣು ಇನ್ನೂ ಕಲ್ಲು. ನೀರು ಇಳಿಯಲು ಜಾಗವಿಲ್ಲದೆ ಗಡ್ಡೆಯ ಸುತ್ತ ನಿಲ್ಲುತ್ತದೆ. ಎರಡು ದಿನ ಬಿಟ್ಟು ಮತ್ತೆ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟುವಾಗ ಮಣ್ಣು ಉಬ್ಬಿ ಗಡ್ಡೆಯನ್ನು ಮೇಲಕ್ಕೆ ಒದೆಯುತ್ತದೆ. ಬೇರು ಗಟ್ಟಿಯಾಗಿ ಹಿಡಿದಿದ್ದರೆ ಸರಿ. ಸೆಪ್ಟೆಂಬರ್ ಮಧ್ಯದಲ್ಲಿ ನೆಟ್ಟ ಗಡ್ಡೆಗೆ ಆ ಹಿಡಿತ ಎಲ್ಲಿಂದ ಬರಬೇಕು?

ಎಡ್ಮಂಟನ್ ನಮಗಿಂತ ಸುಮಾರು 300 ಕಿಲೋಮೀಟರ್ ಉತ್ತರಕ್ಕಿದೆ, ಚಳಿಯೂ ಜಾಸ್ತಿ. ಆದರೆ ಅಲ್ಲಿ ಹಿಮ ಕೂತರೆ ಸಾಮಾನ್ಯವಾಗಿ ಕೂತೇ ಇರುತ್ತದೆ. ಹಿಮ ಗಿಡಕ್ಕೆ ಕಂಬಳಿ. ನಮ್ಮಲ್ಲಿ ಆ ಕಂಬಳಿಯನ್ನು ಚಳಿಗಾಲದಲ್ಲಿ ಐದಾರು ಸಲ ಯಾರೋ ಎಳೆದು ಬಿಸಾಡುತ್ತಾರೆ.

ಹಾಗಾದರೆ ಹೊದಿಕೆ ಬೇಡವೇ ಬೇಡವಾ? ಬೇಕು, ಆದರೆ ಬೆಚ್ಚಗಿಡಲು ಅಲ್ಲ, ತಣ್ಣಗೇ ಇಡಲು. ಇದು ತಲೆಗೆ ಹೋಗಲು ನನಗೆ ಮೂರು ಚಳಿಗಾಲ ಬೇಕಾಯಿತು. ನೆಲ ಪೂರ್ತಿ ಗಟ್ಟಿಯಾಗುವ ತನಕ, ಅಂದರೆ ನವೆಂಬರ್ ದಾಟುವ ತನಕ, ಏನೂ ಹಾಕಬೇಡಿ. ಆಮೇಲೆ ಗಾಳಿಯಾಡುವ ಹಗುರ ಹೊದಿಕೆ ಸಾಕು. ಕ್ರಿಸ್‌ಮಸ್ ಮುಗಿದ ವಾರ ಅಕ್ಕಪಕ್ಕದವರು ಎಸೆಯಲು ಇಟ್ಟ ಮರಗಳ ಕೊಂಬೆ ಕೇಳಿ ತರುತ್ತೇನೆ. ಅದು ಬಿಸಿಲಿಗೆ ನೆರಳು, ಹಿಮಕ್ಕೆ ಬಲೆ. ಹಾರಿ ಬಂದ ಹಿಮ ಅದರಲ್ಲೇ ಸಿಕ್ಕಿಕೊಂಡು ನಿಲ್ಲುತ್ತದೆ. ಕಾಲುದಾರಿಯಿಂದ ಬಾಚಿದ ಹಿಮವನ್ನೂ ಮಡಿಯ ಮೇಲೆ ಹಾಕಬಹುದು, ಉಪ್ಪು ಹಾಕಿದ್ದು ಮಾತ್ರ ಬೇಡ. ಚಳಿಗಾಲಕ್ಕೆ ಮೊದಲು ಮರದಿಂದ ಉದುರಿದ ಎಲೆ ಒದ್ದೆಯಾದರೆ ಚಪಾತಿಯ ಹಾಗೆ ಒಂದಕ್ಕೊಂದು ಅಂಟಿ ಗಡ್ಡೆಯ ಉಸಿರು ಕಟ್ಟಿಸುತ್ತದೆ. ನಿಮ್ಮ ಮೂರು ಗಡ್ಡೆ ಹೋದದ್ದು ಹಾಗೇ ಇರಬೇಕು.

ಶುಂಠಿಯಿಂದ ಕಲಿತ ಒಂದು ಪಾಠ ಮಾತ್ರ ಇಲ್ಲಿಯೂ ಕೆಲಸಕ್ಕೆ ಬಂತು: ಏರುಮಡಿ. ಇಲ್ಲಿಯ ಮಣ್ಣು ಜೇಡಿ, ಒದ್ದೆಯಾದರೆ ಅಂಟು, ಒಣಗಿದರೆ ಇಟ್ಟಿಗೆ. ಒಂದು ಗೇಣು ಎತ್ತರ ಮಡಿ ಮಾಡಿ, ಕಾಂಪೋಸ್ಟ್ ಮತ್ತು ಸಣ್ಣ ಜಲ್ಲಿ ಬೆರೆಸಿ. ಜೇಡಿಗೆ ಒಂದಷ್ಟು ಮರಳು ಸುರಿದರೆ ಸಡಿಲವಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಇನ್ನೂ ಗಟ್ಟಿಯಾಗುತ್ತದೆ. ಮಣ್ಣು ಸ್ವಲ್ಪ ಸುಣ್ಣದ ಗುಣದ್ದು. ಗಡ್ಡದ ಐರಿಸ್ ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಹುಲ್ಲಿಗೆ ಹಾಕುವ ಸಾರಜನಕದ ಗೊಬ್ಬರ ಹತ್ತಿರಕ್ಕೂ ತರಬೇಡಿ. ಎಲೆ ಸೊಂಪಾಗಿ ಬರುತ್ತದೆ, ಗಡ್ಡೆ ಮೆತ್ತಗಾಗಿ ಕೊಳೆಯುತ್ತದೆ.

ಬಿಸಿಲು ದಿನಕ್ಕೆ ಆರು ಗಂಟೆಯಾದರೂ ಬೇಕು. ಹಾಗಂತ ದಕ್ಷಿಣದ ಗೋಡೆಗೆ ಒತ್ತಿ ನೆಡಬೇಡಿ. ಅಲ್ಲಿ ಶಿನೂಕ್ ಬಂದಾಗ ನೆಲ ಬೇಗ ಕರಗುತ್ತದೆ, ಗಿಡ ಬೇಗ ಏಳುತ್ತದೆ, ಮೇ ತಿಂಗಳ ಹಿಮಕ್ಕೆ ಎಳೆ ಮೊಗ್ಗು ಸುಟ್ಟುಹೋಗುತ್ತದೆ. ಗೋಡೆಯಿಂದ ನಾಲ್ಕೈದು ಅಡಿ ದೂರವಿರಲಿ.

ಇನ್ನು ಹೂವಿನ ಪ್ರಶ್ನೆ. ಬಾಳೆಯನ್ನು ನೆನಪಿಸಿಕೊಳ್ಳಿ. ಗೊನೆ ಹಾಕಿದ ಬಾಳೆ ಮತ್ತೆ ಗೊನೆ ಹಾಕುವುದಿಲ್ಲ, ಪಕ್ಕದ ಕಂದುಗಳೇ ಮುಂದಿನದನ್ನು ನೋಡಿಕೊಳ್ಳಬೇಕು. ಐರಿಸ್ ಗಡ್ಡೆಯೂ ಹೂ ಬಿಡುವುದು ಒಂದೇ ಸಲ. ಅದರ ಪಕ್ಕದಲ್ಲಿ ಬರುವ ಮರಿಗಳು ಆ ಬೇಸಿಗೆ ಪೂರ್ತಿ ಉಂಡು ದಪ್ಪವಾದರೆ ಮುಂದಿನ ವರ್ಷ ಹೂ. ಎತ್ತರದ ಜಾತಿ ಇಲ್ಲಿ ಜೂನ್ ಮಧ್ಯದ ಮೇಲೆ ಅರಳುತ್ತದೆ. ಸೆಪ್ಟೆಂಬರ್ ಮಧ್ಯಕ್ಕೆ ಇಬ್ಬನಿ ಹೆಪ್ಪುಗಟ್ಟಲು ಶುರು. ನಡುವೆ ಎರಡೂವರೆ ತಿಂಗಳು ಸಿಕ್ಕರೆ ಪುಣ್ಯ. 2014ರಲ್ಲಂತೂ ಸೆಪ್ಟೆಂಬರ್ 8ರಿಂದಲೇ ಹಿಮ ಬಿದ್ದು, ಹಸಿರೆಲೆ ಹೊತ್ತ ಮರಗಳು ಭಾರಕ್ಕೆ ಊರ ತುಂಬ ಮುರಿದು ಬಿದ್ದಿದ್ದವು. ಹಾಗಾಗಿ ಹೂ ಹೋದ ಮೇಲೆ ಎಲೆ ಕತ್ತರಿಸಬೇಡಿ, ಒಣಗಿದ ಹೂದಂಟು ಮಾತ್ರ ತೆಗೆಯಿರಿ. ಆ ಎಲೆಯೇ ಮುಂದಿನ ವರ್ಷದ ಅಡುಗೆಮನೆ.

ಇಷ್ಟು ಚಿಕ್ಕ ಬೇಸಿಗೆಗೆ ಎತ್ತರದ ಜಾತಿ ಒಂದಷ್ಟು ಜೂಜೇ. 70 ಸೆಂಟಿಮೀಟರಿಗಿಂತ ಎತ್ತರ ಬೆಳೆಯುವ ಇವುಗಳ ರಕ್ತದಲ್ಲಿ ಮೆಡಿಟರೇನಿಯನ್ ಪೂರ್ವದ ಬೆಚ್ಚಗಿನ ಜಾಗದ ಜಾತಿಗಳು ಬೆರೆತಿವೆ. ನಾನು ಹೊಸಬರಿಗೆ ಹೇಳುವುದು ಕುಳ್ಳ ಜಾತಿ, 20ರಿಂದ 40 ಸೆಂಟಿಮೀಟರ್ ಎತ್ತರದ್ದು. ಅಮೆರಿಕದ ಇಂಡಿಯಾನಾದಲ್ಲಿ ಪಾಲ್ ಕುಕ್ ಎಂಬವರು ಎತ್ತರದ ಐರಿಸ್‌ಗೆ ಪೂರ್ವ ಯುರೋಪಿನ ಬಯಲಿನ ಪುಟ್ಟ ಐರಿಸ್ ಪ್ಯುಮಿಲಾವನ್ನು ಸೇರಿಸಿ ಈ ಗುಂಪನ್ನು ಬೆಳೆಸಿದರು. 1951ರಲ್ಲಿ ಅವರು ಹೊರತಂದ ‘ಗ್ರೀನ್ ಸ್ಪಾಟ್’ ಬಿಳಿ ಹೂ, ಕೆಳಗಿನ ಎಸಳಲ್ಲಿ ಹಸಿರು ಮಚ್ಚೆ. ಚಳಿ ತಡೆಯುವ ಗುಣ ಪ್ಯುಮಿಲಾದಿಂದ ಬಂತು. ಮೇ ಕೊನೆಯ ಹೊತ್ತಿಗೇ ಅರಳುವುದರಿಂದ ಮರಿ ದಪ್ಪವಾಗಲು ಮೂರು ತಿಂಗಳಿಗೂ ಹೆಚ್ಚು ಸಮಯ. ಕುಳ್ಳ ಅಲ್ವಾ, ಗಾಳಿಗೆ ಬೀಳುವುದೂ ಇಲ್ಲ.

ವರ್ಷಕ್ಕೆ ಎರಡು ಸಲ ಹೂ ಬಿಡುತ್ತದೆ ಅಂತ ಮಾರುವ ಜಾತಿಗಳಿಗೆ ಇಲ್ಲಿ ಜಾಸ್ತಿ ದುಡ್ಡು ಕೊಡಬೇಡಿ. ಎರಡನೇ ಹೂ ಏಳುವ ಹೊತ್ತಿಗೆ ನಮ್ಮ ಬೇಸಿಗೆಯೇ ಮುಗಿದಿರುತ್ತದೆ. ಜಪಾನಿ ಐರಿಸ್ ಚೆಲುವೆ, ಆದರೆ ಅದಕ್ಕೆ ಹುಳಿ ಮಣ್ಣು ಬೇಕು. ನಮ್ಮದು ಅಲ್ಲ.

ಗಲಾಟೆಯೇ ಬೇಡ ಅನಿಸಿದರೆ ಸೈಬೀರಿಯನ್ ಐರಿಸ್ ನೆಡಿ. ಹೆಸರು ಸೈಬೀರಿಯನ್, ಐರಿಸ್ ಸಿಬಿರಿಕಾದ ತವರು ಮಾತ್ರ ಹೆಚ್ಚಾಗಿ ಯುರೋಪ್! ಗಡ್ಡವಿಲ್ಲದ ತೆಳು ಹೂ, ಹುಲ್ಲಿನಂಥ ಎಲೆ. ಇದಕ್ಕೆ ಮೇಲೆ ಹೇಳಿದ್ದರ ಉಲ್ಟಾ ಮಾಡಿ: ಎರಡು ಇಂಚು ಆಳ ನೆಡಿ, ತೇವ ಇರಲಿ, ಎಲೆ ಹೊದಿಕೆಯೂ ಇರಲಿ. ನಿಮ್ಮ ಹಳೇ ವಿಧಾನವೆಲ್ಲ ಇದಕ್ಕೆ ಸರಿಯಾಗಿಯೇ ಇತ್ತು, ಗಿಡ ಬೇರೆಯಾಗಿತ್ತು ಅಷ್ಟೇ. ಮಾಂಟ್ರಿಯಲ್‌ನ ಕ್ಲೀವ್‌ಲ್ಯಾಂಡ್ ಮಾರ್ಗನ್ 1932ರಲ್ಲಿ ಹೊರತಂದ ‘ಸೀಸರ್ಸ್ ಬ್ರದರ್’ ಎಂಬ ಕಡು ನೇರಳೆ ಈಗಲೂ ಅಂಗಡಿಗಳಲ್ಲಿ ಸಿಗುತ್ತದೆ. ಅದೇ ಕಾಲದಲ್ಲಿ ಒಟ್ಟಾವಾದ ಸರ್ಕಾರಿ ಪ್ರಯೋಗ ತೋಟದಲ್ಲಿ ಇಸಾಬೆಲ್ಲಾ ಪ್ರೆಸ್ಟನ್ ಎಂಬಾಕೆ ತಾನು ಬೆಳೆಸಿದ ಸೈಬೀರಿಯನ್ ಐರಿಸ್‌ಗಳಿಗೆ ಕೆನಡಾದ ನದಿಗಳ ಹೆಸರಿಡುತ್ತಿದ್ದರು. ನಮ್ಮಲ್ಲಿ ಯಾರಾದರೂ ಹೂವಿಗೆ ಶರಾವತಿ, ವರದಾ ಅಂತ ಇಟ್ಟ ಹಾಗೆ. ನನಗೆ ಆಕೆ ಇಷ್ಟವಾದದ್ದು ಇದಕ್ಕೇ.

ಈಗ ನಿಮ್ಮ ಗಿಡಗಳು. ಕೊಳೆತವನ್ನು ಇವತ್ತೇ ಅಗೆಯಿರಿ. ವಾಸನೆ ಕೆಟ್ಟದಾಗಿರುತ್ತದೆ, ಮೂಗು ಮುಚ್ಚಿಕೊಳ್ಳಿ. ಇದು ಬ್ಯಾಕ್ಟೀರಿಯಾದ ಕೊಳೆ. ಮೆತ್ತಗಿರುವ ಭಾಗವನ್ನೆಲ್ಲ ಗಟ್ಟಿ ಬಿಳಿ ತಿರುಳು ಸಿಗುವ ತನಕ ಕತ್ತರಿಸಿ ಕಸಕ್ಕೆ ಹಾಕಿ, ಕಾಂಪೋಸ್ಟಿಗೆ ಬೇಡ. ಉಳಿದ ಚೂರನ್ನು ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಸ್ವಲ್ಪ ಹೊತ್ತು ಅದ್ದಿ, ಎರಡು ಮೂರು ದಿನ ಒಣಗಿಸಿ. ಚಾಕುವನ್ನೂ ಅದೇ ನೀರಲ್ಲಿ ತೊಳೆಯಿರಿ. ಉಗುರಿನಷ್ಟು ಗಟ್ಟಿ ಚೂರಿನಲ್ಲಿ ಒಂದು ಕಣ್ಣಿದ್ದರೂ ಬದುಕುತ್ತದೆ, ನಾನು ನೋಡಿದ್ದೇನೆ.

ಎಲೆ ಇರುವ ಮೂರನ್ನು ಸುಮ್ನೆ ಕೀಳಬೇಡಿ. ಸುತ್ತಲಿನ ಮಣ್ಣನ್ನು ಬೆರಳಲ್ಲಿ ಸರಿಸಿ ಬೆನ್ನು ಕಾಣುವ ಹಾಗೆ ಮಾಡಿ, ಸಾಕು. ತೀರಾ ಆಳದಲ್ಲಿದ್ದರೆ ಮಾತ್ರ ಸ್ಟ್ಯಾಂಪೀಡ್ ಜಾತ್ರೆ ಮುಗಿದ ಮೇಲೆ, ಜುಲೈ ಮಧ್ಯದಲ್ಲಿ, ಎತ್ತಿ ನೆಡಿ. ಆಗ ಎಲೆಯನ್ನು ಬೀಸಣಿಗೆಯ ಆಕಾರದಲ್ಲಿ ಅರ್ಧಕ್ಕೆ ಕತ್ತರಿಸಿ. ಹೊಸ ಗಡ್ಡೆ ನೆಡುವುದೂ ಅದೇ ಸಮಯಕ್ಕೆ. ಆಗಸ್ಟ್ 15 ನನ್ನ ಕೊನೇ ದಿನಾಂಕ. ನೆಲ ಹೆಪ್ಪುಗಟ್ಟುವ ಮೊದಲು ಬೇರಿಗೆ ಆರೆಂಟು ವಾರವಾದರೂ ಸಿಗಬೇಕು. ಕೆಲವು ಅಂಗಡಿಗಳು ಸೆಪ್ಟೆಂಬರ್‌ನಲ್ಲಿ ಟ್ಯೂಲಿಪ್ ಜೊತೆ ಐರಿಸ್ ಗಡ್ಡೆಯನ್ನೂ ಜೋಡಿಸಿಡುತ್ತವೆ. ಟ್ಯೂಲಿಪ್‌ಗೆ ಅದು ಸರಿಯಾದ ಸಮಯ, ಇದಕ್ಕಲ್ಲ. ನಾನೂ ಒಮ್ಮೆ ರಿಯಾಯಿತಿ ಬೋರ್ಡ್ ನೋಡಿ ಹಾಗೇ ಬಲೆಗೆ ಬಿದ್ದವಳು.

ಕುಳ್ಳ ಹಳದಿ ಜಾತಿಯೊಂದು ನನ್ನಲ್ಲಿ ನಾಲ್ಕು ವರ್ಷದಿಂದ ಒಡೆಯದೆ ಗಿಜಿಗುಟ್ಟಿದೆ. ಜುಲೈ ಮೂರನೇ ವಾರ ಅಗೆಯುತ್ತೇನೆ. ಬೇಕಿದ್ದರೆ ಸಂದೇಶ ಕಳಿಸಿ, ಬಂದು ತೆಗೆದುಕೊಂಡು ಹೋಗಿ. ಪ್ಲಾಸ್ಟಿಕ್ ಕವರ್ ತರಬೇಡಿ, ಬೆವರುತ್ತದೆ. ಕಾಗದದ ಚೀಲ ತನ್ನಿ.